ಹೆಸರಿಲ್ಲ, ಮನೆ ಇದೆ

ಅಮೆರಿಕದಲ್ಲಿ ಓಡಿಮ್ಯಾಪ್ ಅಂತ ಒಂದು ತಂತ್ರಾಂಶ ಇದೆ, 2017ರಲ್ಲಿ ಶುರುವಾದದ್ದು. ಹೆರಾಯಿನ್ ಅಥವಾ ಫೆಂಟನಿಲ್ ಮಿತಿಮೀರಿ ಯಾರೋ ಉಸಿರು ಕಟ್ಟಿ ಬಿದ್ದಿದ್ದಾರೆ ಅಂತ 911ಕ್ಕೆ ಕರೆ ಹೋಗುತ್ತೆ. ಆಂಬುಲೆನ್ಸಿನವರೋ ಪೊಲೀಸರೋ ಬಂದು ಕೆಲಸ ಮುಗಿಸಿದ ಮೇಲೆ ಕೆಲವು ವಿವರ ತುಂಬುತ್ತಾರೆ: ಎಲ್ಲಿ, ಯಾವಾಗ, ಬದುಕಿದರಾ, ನಲೋಕ್ಸೋನ್ ಕೊಟ್ಟರಾ. ನಕ್ಷೆಯ ಮೇಲೆ ಒಂದು ಚುಕ್ಕೆ ಬೀಳುತ್ತೆ. ಒಂದು ಪ್ರದೇಶದಲ್ಲಿ ಚುಕ್ಕೆಗಳು ದಿಢೀರನೆ ಹೆಚ್ಚಾದರೆ ಅಧಿಕಾರಿಗಳಿಗೆ ಎಚ್ಚರಿಕೆ ಹೋಗುತ್ತೆ. ಕಡ್ಡಾಯವಾಗಿ ತುಂಬಬೇಕಾದ ಕಾಲಂಗಳಲ್ಲಿ ಹೆಸರಿಲ್ಲ.

ಇದು ಬೇಡ ಅಂತ ನಾನು ಹೇಳ್ತಿಲ್ಲ. 2021ರಲ್ಲಿ ಆ ದೇಶದಲ್ಲಿ ಓವರ್‌ಡೋಸ್‌ನಿಂದ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ಸುಮಾರು 80,000 ಸಾವಿಗೆ ಓಪಿಯಾಯ್ಡ್‌ಗಳ ನಂಟು. ಮರಣ ಪತ್ರ, ರಕ್ತ ಪರೀಕ್ಷೆಯ ವರದಿ ಎಲ್ಲ ಬರೋಕೆ ವಾರಗಳು, ತಿಂಗಳುಗಳು ಬೇಕು. ಈ ವಾರ ಯಾವ ಬೀದಿಗೆ ವಿಷ ಬಂದಿದೆ ಅಂತ ಈ ವಾರವೇ ತಿಳಿದರೆ ಅಲ್ಲಿಗೆ ನಲೋಕ್ಸೋನ್ ಕಳಿಸಬಹುದು, ಜೀವ ಉಳಿಯುತ್ತೆ. ನಕ್ಷೆ ಜನಸಾಮಾನ್ಯರಿಗೆ ಕಾಣೋದೂ ಇಲ್ಲ. ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ.

ನನ್ನ ತಕರಾರು ಬೇರೆ. ಈ ನಕ್ಷೆ ಯಾರದ್ದು? ಆರೋಗ್ಯ ಇಲಾಖೆಯದ್ದಲ್ಲ. ವಾಷಿಂಗ್ಟನ್-ಬಾಲ್ಟಿಮೋರ್ ಭಾಗದ ಮಾದಕವಸ್ತು ಸಾಗಣೆ ತಡೆ ಕಾರ್ಯಕ್ರಮದ್ದು. ಅಂಥ ಕಾರ್ಯಕ್ರಮಗಳು ಹುಟ್ಟಿದ್ದೇ 1988ರ ಮಾದಕವಸ್ತು ವಿರೋಧಿ ಕಾನೂನಿನಿಂದ, ಪೊಲೀಸ್ ಕೆಲಸಕ್ಕೆ ಬಲ ಕೊಡೋಕೆ. ರೋಗಿಯ ಚುಕ್ಕೆ ಹೋಗಿ ಕೂರೋದು ಅಲ್ಲಿ.

ಹಿಪಾ ಅನ್ನೋ 1996ರ ಕಾನೂನು ಆಸ್ಪತ್ರೆಗಳನ್ನು, ಹೆಚ್ಚಿನ ಆಂಬುಲೆನ್ಸ್ ಸೇವೆಗಳನ್ನು ಕಟ್ಟಿಹಾಕುತ್ತೆ. ಪೊಲೀಸರನ್ನು ಕಟ್ಟಿಹಾಕಲ್ಲ. ಒಂದೇ ಮನೆ, ಒಂದೇ ಬಾಗಿಲು, ಇಬ್ಬರು ಒಳಗೆ ಬಂದರು. ಒಬ್ಬರು ಕಂಡದ್ದು ರೋಗಿಯ ಗುಟ್ಟು. ಇನ್ನೊಬ್ಬರು ಕಂಡದ್ದು ಬರೀ ಘಟನೆಯ ವರದಿ. ಕಂಡ ಮನುಷ್ಯ ಮಾತ್ರ ಒಬ್ಬನೇ!

‘ಹೆಸರಿಲ್ಲವಲ್ಲ’ ಅನ್ನೋ ಸಮಾಧಾನಕ್ಕೆ ಉತ್ತರ ಹಳೆಯದು. 1990ರ ದಶಕದಲ್ಲಿ ಲಟಾನ್ಯಾ ಸ್ವೀನಿ ಎಂಬ ಸಂಶೋಧಕಿ ಮ್ಯಾಸಚೂಸೆಟ್ಸ್‌ನ ಹೆಸರಿಲ್ಲದ ಆಸ್ಪತ್ರೆ ದಾಖಲೆಗಳನ್ನು ಮತದಾರರ ಪಟ್ಟಿಯ ಪಕ್ಕದಲ್ಲಿಟ್ಟು, ಪಿನ್‌ಕೋಡ್, ಹುಟ್ಟಿದ ದಿನ, ಲಿಂಗ ಈ ಮೂರನ್ನೇ ಹಿಡಿದು ಆಗಿನ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆ ಹುಡುಕಿ ತೆಗೆದರು. ಪಿನ್‌ಕೋಡಿನಿಂದಲೇ ಇಷ್ಟಾದರೆ, ಮನೆಯ ಮೇಲೇ ಬಿದ್ದ ಚುಕ್ಕೆಯಿಂದ ಏನಾಗಲ್ಲ? ಒಂಟಿ ಮನೆ ಅಂದಮೇಲೆ ಹೆಸರು ಯಾಕೆ ಬೇಕು?

ಈ ಕಥೆ ನಮಗೂ ಹೊಸದೇನಲ್ಲ. 2020ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಮನೆ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ಪ್ರಕಟಿಸಿತ್ತಲ್ಲ, ನೆನಪಿದೆಯಾ? ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಆ ಪಟ್ಟಿ ಓದಿ ಯಾರ ಮನೆ ಅಂತ ಅಕ್ಕಪಕ್ಕದವರಿಗೆ ಗೊತ್ತಾಗೋಕೆ ಎಷ್ಟು ಹೊತ್ತು ಬೇಕು?

ಇಲ್ಲಿ ಪಣಕ್ಕಿಟ್ಟಿರೋದು ಮಾನ ಒಂದೇ ಅಲ್ಲ. ಉಸಿರು ನಿಂತ ಮೇಲೆ ಮೆದುಳಿಗೆ ಇರೋದು ಕೆಲವೇ ನಿಮಿಷ. ಪಕ್ಕದಲ್ಲಿರೋ ಗೆಳೆಯ ಕರೆ ಮಾಡ್ತಾನಾ ಇಲ್ಲವಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ಅವನು ಹೆದರಬಾರದು ಅಂತಲೇ 2007ರಲ್ಲಿ ನ್ಯೂ ಮೆಕ್ಸಿಕೋ ಮೊದಲು, ಆಮೇಲೆ ಹೆಚ್ಚಿನ ರಾಜ್ಯಗಳು ಕರೆ ಮಾಡಿದವರಿಗೆ ರಕ್ಷಣೆ ಕೊಡೋ ಕಾನೂನು ತಂದವು. ಆದರೆ ಆ ರಕ್ಷಣೆ ಸಾಮಾನ್ಯವಾಗಿ ಸ್ವಲ್ಪ ಮಾಲು ಇಟ್ಟುಕೊಂಡ ತಪ್ಪಿಗೆ ಮಾತ್ರ. ಹಂಚಿಕೊಂಡ ಮಾಲಿನಿಂದ ಗೆಳೆಯ ಸತ್ತರೆ ಕೊಲೆಯಂಥ ಆರೋಪ ಹೊರಿಸೋ ರಾಜ್ಯಗಳಿವೆ. ಮನೆಗೆ ಪದೇಪದೇ ತುರ್ತು ಕರೆ ಹೋದರೆ ‘ಉಪದ್ರವ’ ಅಂತ ಬಾಡಿಗೆದಾರರನ್ನು ಬಿಡಿಸೋಕೆ ದಾರಿ ಮಾಡಿಕೊಡೋ ಊರುಗಳೂ ಇವೆ. ಇಷ್ಟೆಲ್ಲ ಇರುವಾಗ, ತನ್ನ ಕರೆ ಪೊಲೀಸರ ನಕ್ಷೆಗೆ ಹೋಗುತ್ತೆ ಅಂತ ಗೊತ್ತಾದವನ ಕೈ ನಡುಗಲ್ವಾ? ಕರೆ ಬರದಿದ್ದರೆ ನಕ್ಷೆಗೆ ಆ ಚುಕ್ಕೆಯೂ ಸಿಗಲ್ಲ.

ಸರಿಪಡಿಸೋದು ಕಷ್ಟದ ಕೆಲಸವೇನಲ್ಲ. ಮೇರಿಲ್ಯಾಂಡ್ 2018ರಲ್ಲಿ ಮಾಡಿದ ಕಾನೂನು ಇಂಥ ವರದಿಯನ್ನು ಅಪರಾಧ ತನಿಖೆಗೆ ಬಳಸಬಾರದು ಅನ್ನುತ್ತೆ. ಅದನ್ನು ಎಲ್ಲ ಕಡೆ ತರಲಿ. ನಕ್ಷೆಯ ಬೀಗದ ಕೈ ಆರೋಗ್ಯ ಇಲಾಖೆಯ ಕೈಗೆ ಹೋಗಲಿ. ಮನೆಯ ಮೇಲೆ ಚುಕ್ಕೆ ಇಡೋ ಬದಲು ನಾಲ್ಕಾರು ಬೀದಿ ಸೇರಿಸಿ ಒಂದು ಚೌಕ ಬಣ್ಣ ಹಚ್ಚಲಿ. ನಲೋಕ್ಸೋನ್ ಎಲ್ಲಿಗೆ ಕಳಿಸಬೇಕು ಅಂತ ತಿಳಿಯೋಕೆ ಅಷ್ಟು ಸಾಕು. ಎಚ್ಚರಿಕೆಯ ಕೆಲಸ ಮುಗಿದ ಮೇಲೆ ಹಳೆಯ ಜಾಗದ ವಿವರ ಅಳಿಸಿಬಿಡಲಿ.

ಇದಕ್ಕೂ ಮೀರಿ ‘ಇಲ್ಲ, ಮನೆಯೇ ಬೇಕು’ ಅಂತ ಯಾರಾದರೂ ಕೇಳಿದರೆ, ಯಾಕೆ ಅಂತ ಅವರು ಬಾಯಿಬಿಟ್ಟು ಹೇಳಲಿ.