10 ಆನೆ, 400 ಎತ್ತು, ‘ನೂರಾರು ಮಂದಿ’

ವಿಮರ್ಶೆ ಅಂದರೆ ಅಚ್ಚಾದ ಪುಸ್ತಕದ ಮೇಲೇ ಬರೆಯಬೇಕು ಅಂತ ನಮ್ಮ ಕಾಲೇಜು ಪಂಡಿತರು ರೂಢಿ ಮಾಡಿಟ್ಟಿದ್ದಾರೆ. ಪುಸ್ತಕ ಓದುವವರು ಎಷ್ಟು ಮಂದಿ? ಕವನ ಸಂಕಲನ ಅಚ್ಚು ಹಾಕಿಸಿ, ಮಾರಲಾರದೆ ಅಟ್ಟದ ಮೇಲೆ ಗಂಟು ಕಟ್ಟಿಟ್ಟವರ ಕಷ್ಟ ಈ ಪತ್ರಿಕೆಯ ಗೆಳೆಯರಿಗೆ ನಾನು ಹೇಳಬೇಕಾಗಿಲ್ಲ. ಆದರೆ ವಿಜಯಪುರದಲ್ಲಿ ಒಂದು ಕೃತಿ ಇದೆ. ಅದು ಅಚ್ಚಾಗಿಲ್ಲ, ಅದಕ್ಕೆ ಕರ್ತೃ ಯಾರೆಂದು ಇಲ್ಲ. ದಿನವೂ ಜನ ಅದನ್ನು ದುಡ್ಡು ಕೊಟ್ಟು ಕೇಳುತ್ತಾರೆ. ಡಿಸೆಂಬರ್ ಬಂತಂದರೆ ಸಾಲಿ ಮಕ್ಕಳು ಬಸ್ಸು ತುಂಬಿ ಬಂದು ಬಾಯಿ ತೆರೆದು ನಿಂತು ಕೇಳುತ್ತಾರೆ. ಮುಂಜಾನೆ ತೊರವಿ ರಸ್ತೆಯಲ್ಲೋ ಗೋಳಗುಮ್ಮಟದ ಬಾಗಿಲಲ್ಲೋ ಶುರುವಾಗಿ, ಸಂಜೆ ಬಾರಾ ಕಮಾನಿನ ಹುಲ್ಲಿನ ಮೇಲೆ ಮುಗಿಯುವ ಗೈಡಿನ ಮಾತು ಅದು. ಅದನ್ನೇ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ.

ಗೈಡಿನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ದುಡಿದು ತಿನ್ನುವವನೇ. ಬಿಸಿಲಾಗ ನಿಂತು ಗಂಟಲು ಹರಕೊಂಡು, ಒಂದು ತಂಡಕ್ಕೆ ಇಷ್ಟು ಅಂತ ಇಸಕೊಂಡು ಸಂಜೆ ಮನೆ ಸೇರುವವನು. ನಮಗೆ ಸಿಕ್ಕವನು ಒಳ್ಳೆಯ ಮನುಷ್ಯ. ಸರಕಾರಿ ಸಾಲಿ ಹುಡುಗರು ಅಂತ ಐವತ್ತು ರೂಪಾಯಿ ಕಡಿಮೆ ತಗೊಂಡ. ಆದರೆ ಅವನ ಬಾಯಲ್ಲಿದ್ದ ಮಾತು ಅವನದಲ್ಲ. ಅರ್ಧ ಇಂಗ್ರೇಜಿ ಸಾಹೇಬರ ಪುಸ್ತಕಗಳಿಂದ ಇಳಿದದ್ದು. ಹೆನ್ರಿ ಕಸಿನ್ಸ್ 1916ರಲ್ಲಿ ಈ ಊರಿನ ಕಟ್ಟಡಗಳ ಮೇಲೆ ಬರೆದ ದೊಡ್ಡ ಗ್ರಂಥದ ಅಳತೆ, ಲೆಕ್ಕಗಳು ಇವತ್ತಿಗೂ ಗೈಡುಗಳ ನಾಲಿಗೆ ಮೇಲೆ ಕುಣಿಯುತ್ತವೆ. ಇನ್ನರ್ಧ ಸಿನೆಮಾದಿಂದ ಬಂದದ್ದು.

ನಾವು ಹೋದದ್ದು ಬಬಲೇಶ್ವರ ತಾಲೂಕಿನ ಒಂದು ಸರಕಾರಿ ಹೈಸ್ಕೂಲಿನಿಂದ, 8ನೇ ಇಯತ್ತೆಯ ಮಕ್ಕಳ ಜೊತೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಕೇರಿಯವರು, ತಾಂಡಾದವರು. ತಲೆಗಿಷ್ಟು ಅಂತ ವಂತಿಗೆ ಹಾಕಿ, ಕೊಡಲಾರದವರದ್ದು ಮಾಸ್ತರರೇ ತುಂಬಿ, ಒಂದು ಬಸ್ಸು ಮಾಡಿಕೊಂಡಿದ್ದೆವು. ತಿಕೋಟಾದಿಂದಲೂ ಕೆಲವು ಮಕ್ಕಳನ್ನು ಹತ್ತಿಸಿಕೊಳ್ಳುವುದಿತ್ತು, ಹಾಗಾಗಿ ಆ ಕಡೆಯಿಂದ ಸುತ್ತು ಹಾಕಿದೆವು. ದಾರಿಯುದ್ದಕ್ಕೂ ದ್ರಾಕ್ಷಿ ಪಡ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ಒಬ್ಬ ಹುಡುಗಿ ಕಿಡಕಿಯಿಂದ ಕೈ ಮಾಡಿ, “ಸರ, ಹ್ವಾದ ವರ್ಷ ನಮ್ಮವ್ವ ಇದೇ ಶೆಡ್ಡಿನಾಗ ದ್ರಾಕ್ಷಿ ಆರಿಸಾಕ ಬರತಿದ್ಲರಿ” ಅಂದಳು. ಬಸ್ಸಿನ ಅಷ್ಟೂ ಮಕ್ಕಳು ಆ ಕಡೆ ತಿರುಗಿ ನೋಡಿದರು. ಪಗಾರ ಎಷ್ಟು, ಊಟ ಕೊಡತಾರೋ ಇಲ್ಲೋ, ಅಂತ ಅವರವರಲ್ಲೇ ಮಾತಾಯಿತು. ಇದು ಆ ದಿನದ ಅತ್ಯುತ್ತಮ ಗೈಡಿಂಗು. ಯಾರು ದುಡಿದರು, ಎಷ್ಟಕ್ಕೆ ದುಡಿದರು, ಹಣ್ಣು ಯಾರ ಬಾಯಿಗೆ ಹೋಯಿತು ಎಂಬುದೆಲ್ಲ ಎರಡು ನಿಮಿಷದಲ್ಲಿ ಮುಗಿಯಿತು. ಗೈಡು ಹತ್ತಿದ ಮೇಲೆ ಇಂಥ ಮಾತು ಮತ್ತೆ ಕೇಳಲಿಲ್ಲ.

ಮಲಿಕ್-ಎ-ಮೈದಾನ ತೋಪಿನ ಹತ್ತಿರ ಗೈಡು ಹೇಳಿದ ಪಾಠ ಎಲ್ಲರಿಗೂ ಗೊತ್ತಿರುವಂಥದ್ದೇ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ನು, 1632ರಲ್ಲಿ ಯುದ್ಧದ ಲೂಟಿಯಾಗಿ ಇಲ್ಲಿಗೆ ಬಂತು. ಎಳೆದು ತರಲಿಕ್ಕೆ 10 ಆನೆ, 400 ಎತ್ತು ಮತ್ತು “ನೂರಾರು ಮಂದಿ”. ಈ ವಾಕ್ಯವನ್ನು ನಾನು ಅಲ್ಲೇ ನಿಂತು ವಹಿಯಲ್ಲಿ ಬರೆದುಕೊಂಡೆ. ಆನೆಗೆ ಲೆಕ್ಕ ಇದೆ. ಎತ್ತಿಗೆ ಲೆಕ್ಕ ಇದೆ. ಮನುಷ್ಯರು ಮಾತ್ರ ನೂರಾರು! ಯಾಕೆ? ಆನೆ ರಾಜನದು, ಎತ್ತು ಯಾರೋ ಸಾಹುಕಾರನದು, ಕಳೆದರೆ ಸತ್ತರೆ ಲೆಕ್ಕ ಕೊಡಬೇಕು. ಹಗ್ಗ ಹಿಡಿದವನು ಸತ್ತರೆ ಲೆಕ್ಕ ಕೇಳುವವರು ಯಾರು? ಈ ಒಂದು ವಾಕ್ಯದಲ್ಲಿ ನಮ್ಮ ಊಳಿಗಮಾನ್ಯ ಚರಿತ್ರೆ ಪೂರ್ತಿ ಇದೆ. ಗೈಡು ಅದನ್ನು ದಿನವೂ ಹೇಳುತ್ತಾನೆ, ನಾವು ದಿನವೂ ಆನೆಯನ್ನು ನೆನೆಸಿಕೊಂಡು ವ್ಹಾ ಅನ್ನುತ್ತೇವೆ. ಇದೇ ತೋಪನ್ನು 1854ರಲ್ಲಿ ಇಂಗ್ರೇಜಿ ಸರಕಾರ ಲಿಲಾವಿಗೆ ಇಟ್ಟಾಗ ಬಂದ ಹೆಚ್ಚಿನ ಕೂಗು ಬರೀ 150 ರೂಪಾಯಿ. ಅದನ್ನು ಹೇಳಿದಾಗ ಮಕ್ಕಳು ಖೊಕ್ ಅಂತ ನಕ್ಕರು. ಒಳ್ಳೆಯ ನಗು ಅದು.

ಹೆಸರೇ ಉಳಿದಿಲ್ಲ, ಹೇಳುವುದಾದರೂ ಏನು, ಅಂತ ಕೆಲವರು ಕೇಳಬಹುದು. ಹಾಗೇನಿಲ್ಲ. ಅರಕಿಲ್ಲೆಯೊಳಗೆ ಕರೀಮುದ್ದೀನನ ಮಸೀದಿ ಇದೆ, 1320ರದ್ದು, ಹಳೆಯ ಗುಡಿಗಳ ಕಂಬ ನಿಲ್ಲಿಸಿ ಕಟ್ಟಿದ್ದು. ಅಲ್ಲಿಯ ಶಾಸನದಲ್ಲಿ ಸಾಲೋಟಗಿಯ ರೇವೋಯ ಎಂಬ ಬಡಿಗನ ಹೆಸರಿದೆ, ಕಟ್ಟಿದವನು ಅವನು. ಸಾಲೋಟಗಿ ದೂರದ ದೇಶವೇನಲ್ಲ, ನಮ್ಮ ಇಂಡಿ ತಾಲೂಕಿನ ಊರು. ಗೈಡು ನಮ್ಮನ್ನು ಅಲ್ಲಿಗೆ ಒಯ್ಯಲಿಲ್ಲ, ನಾನೇ ಹಟ ಮಾಡಿ ಒಯ್ದೆ. ಈಚೆಗೆ ಆ ಕಟ್ಟಡದ ಹೆಸರು ಎತ್ತಿದರೆ ಸಾಕು, ಗುಡಿಯ ಕಂಬ ಎಣಿಸುವವರು ಒಂದು ಕಡೆ, ಮಸೀದಿಯ ಗೋಡೆ ಎಣಿಸುವವರು ಇನ್ನೊಂದು ಕಡೆ ನಿಂತು ಬಡಿದಾಡುತ್ತಾರೆ. ರೇವೋಯನ ಹೆಸರು ಯಾರಿಗೂ ಬೇಡ. ಕೆಡವಿದವನು, ಕಟ್ಟಿಸಿದವನು ಇಬ್ಬರೂ ದೊರೆಗಳ ಕಡೆಯವರೇ. ಉಳಿ ಹಿಡಿದವನದ್ದು ಎರಡೂ ಸಲ ಒಂದೇ ಕೂಲಿ. ಗೋಳಗುಮ್ಮಟದ ಯಾಕೂತ್, ಇಬ್ರಾಹಿಂ ರೋಜಾದ ಮಲಿಕ್ ಸಂದಲ್, ಈ ಹೆಸರುಗಳೂ ಉಳಿದು ಬಂದಿವೆ. ಗೈಡು ಇವರ ಹೆಸರು ಹೇಳುತ್ತಾನೆ, ಆದರೆ ಓಡಿಸಿ ಹೇಳುತ್ತಾನೆ, ರೈಲು ಸಣ್ಣ ಸ್ಟೇಶನ್ ದಾಟಿದಂತೆ.

ಇನ್ನು ನೀರಿನ ಮಾತು. ನನಗೆ ಈ ಪ್ರವಾಸದಲ್ಲಿ ಮುಖ್ಯ ಅನ್ನಿಸಿದ್ದು ಇದೇ.

ಬರದ ಸೀಮೆ ನಮ್ಮದು. ಹಾಗಿದ್ದೂ ಆದಿಲ್‌ಶಾಹಿಗಳ ಕಾಲಕ್ಕೆ ಈ ಊರು ಲಕ್ಷಾಂತರ ಕೊಡ ನೀರು ಕುಡಿಯುತ್ತಿತ್ತು. ತೊರವಿಯ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. 1651ರಲ್ಲಿ ಬೇಗಂ ತಲಾಬ್ ಕಟ್ಟಿ, ಮಣ್ಣಿನ ಕೊಳವೆಯಲ್ಲಿ, ನಡುನಡುವೆ ‘ಗಂಜ್’ ಅನ್ನುವ ಕಲ್ಲಿನ ಗೋಪುರ ನಿಲ್ಲಿಸಿ, ನೀರಿನ ಒತ್ತಡ ಇಳಿಸುತ್ತ ಊರೊಳಗೆ ಹರಿಸಿದರು. ನಮ್ಮ ಬಬಲೇಶ್ವರದ ಮಗ್ಗುಲಿಗೆ ಮಮದಾಪುರದ ದೊಡ್ಡ ಕೆರೆ, ಸಣ್ಣ ಕೆರೆಗಳೂ ಮಹಮ್ಮದ್ ಆದಿಲ್‌ಶಾಹನ ಕಾಲದವೇ, 1633ರವು. ಗುಮ್ಮಟಕ್ಕಿಂತ ಇದು ದೊಡ್ಡ ಕೆಲಸ ಅನ್ನುವುದು ನನ್ನ ಅಭಿಪ್ರಾಯ. ಗುಮ್ಮಟ ಸತ್ತವನ ನೆರಳಿಗೆ, ಕೆರೆ ಬದುಕಿದವರ ಬಾಯಿಗೆ. ಗೈಡಿನ ಕೃತಿಯಲ್ಲಿ ಮಾತ್ರ ಗುಮ್ಮಟಕ್ಕೆ ಒಂದು ತಾಸು, ನೀರಿಗೆ ಐದು ನಿಮಿಷ.

ಆ ಐದು ನಿಮಿಷ ಕಳೆದದ್ದು ತಾಜ್ ಬಾವಡಿಯ ಮೆಟ್ಟಿಲ ಮೇಲೆ. 1620ರಲ್ಲಿ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿದ್ದು, ಒಂದೊಂದು ಮಗ್ಗುಲು 223 ಅಡಿ. “ದಾರಿಹೋಕರು, ವ್ಯಾಪಾರಸ್ಥರು, ಕುದುರಿ, ಒಂಟಿ, ಎಲ್ಲಾರೂ ಇಲ್ಲೇ ನೀರ ಕುಡೀತಿದ್ರು” ಅಂದ ಗೈಡು. ಹಿಂದಿನಿಂದ ಒಬ್ಬ ಹುಡುಗ ಕೇಳಿದ: “ನಮ್ಮ ಓಣ್ಯಾವ್ರೂರೀ?”

ಗೈಡು ನಕ್ಕ. “ಎಲ್ಲಾರೂ ಅಂದ್ನೆಲ್ಲೋ ತಮ್ಮಾ.”

ಹುಡುಗ ಸುಮ್ಮನಾದ. ನಾನು ಸುಮ್ಮನಿರಲಾರೆ. ‘ಎಲ್ಲರೂ’ ಅನ್ನುವ ಶಬ್ದ ನಮ್ಮ ಭಾಷೆಯಲ್ಲಿ ದೊಡ್ಡ ಸುಳ್ಳುಗಾರ. ಊರೆಲ್ಲ ಜಾತ್ರೆ ಮಾಡಿತು ಅಂದಾಗ ಆ ಊರಲ್ಲಿ ಕೇರಿ ಇರುವುದಿಲ್ಲ. ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಸಾರ್ವಜನಿಕ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ಬೋಲೆಯವರು ಆ ಪ್ರಾಂತದ ಶಾಸನಸಭೆಯಲ್ಲಿ ಠರಾವು ಪಾಸು ಮಾಡಿಸಿದ್ದು 1923ರಲ್ಲಿ. ಎಲ್ಲರೂ ಮೊದಲಿನಿಂದಲೇ ಕುಡಿಯುತ್ತಿದ್ದರೆ ಠರಾವು ಯಾಕೆ ಬೇಕಾಯಿತು? ಠರಾವು ಆದಮೇಲೂ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಒಂದು ಬೊಗಸೆ ನೀರು ಎತ್ತಿದ್ದಕ್ಕೆ ತಲೆಗಳು ಯಾಕೆ ಒಡೆದವು?

ಬಾಬಾಸಾಹೇಬರೂ ಒಮ್ಮೆ ನಮ್ಮ ಹಾಗೆ ಕೋಟೆ ನೋಡಲು ಪ್ರವಾಸ ಹೋಗಿದ್ದರು ಅಂತ ಮಕ್ಕಳಿಗೆ ಅಲ್ಲೇ ಮೆಟ್ಟಿಲ ಮೇಲೆ ಕೂಡಿಸಿ ಹೇಳಿದೆ. ಅವರೇ ‘ವೀಸಾಕ್ಕಾಗಿ ಕಾಯುತ್ತ’ ಎಂಬ ಬರಹದಲ್ಲಿ ಇದನ್ನು ದಾಖಲಿಸಿದ್ದಾರೆ. ಅದು ಪುಸ್ತಕವಾಗಿ ಬಂದದ್ದು 1990ರಲ್ಲಿ. 1934ರ ಮಾತು. ಸುಮಾರು ಮೂವತ್ತು ಮಂದಿ ಸಂಗಾತಿಗಳು ಕೂಡಿ ವೇರೂಳದ ಗುಹೆ, ದೌಲತಾಬಾದಿನ ಕೋಟೆ ನೋಡಲು ಹೊರಟರು. ತೊಂದರೆ ಬೇಡ ಅಂತ ತಾವು ಯಾರೆಂದು ಹೇಳಿಕೊಳ್ಳದೆ ಹೋಗುವುದು ಅಂತ ನಿರ್ಧಾರ. ದಾರಿಯಲ್ಲಿ ಅವರ ಜನರೇ ಗುರುತು ಹಿಡಿದು ಅಲ್ಲಲ್ಲಿ ಚಹಾಕ್ಕೆ ನಿಲ್ಲಿಸಿಕೊಂಡು ತಡಮಾಡಿದರು. ಕೋಟೆಯ ಬಾಗಿಲಲ್ಲಿ ತುಂಬಿದ ಒಂದು ಹೊಂಡ. ಧೂಳು ತಿಂದು ಬಂದವರು ಮುಖ, ಕೈಕಾಲು ತೊಳೆದುಕೊಂಡರು. ರಮಜಾನ್ ತಿಂಗಳು. ಬಿಳಿ ಗಡ್ಡದ ಮುದುಕನೊಬ್ಬ ಹಿಂದಿನಿಂದ ಕೂಗುತ್ತ ಓಡಿ ಬಂದ, ಈ ಜನ ಹೊಂಡ ಮೈಲಿಗೆ ಮಾಡಿದರು ಅಂತ. ಗುಂಪು ಕೂಡಿತು, ಬೈಗುಳ ಶುರುವಾಯಿತು. ಒಬ್ಬ ಅಸ್ಪೃಶ್ಯ ಮುಸಲ್ಮಾನನಾದರೆ ಆಗ ಇಲ್ಲಿ ನೀರು ಕೊಡುವಿರಾ ಇಲ್ಲವಾ ಅಂತ ಬಾಬಾಸಾಹೇಬರು ಕೇಳಿದ ಪ್ರಶ್ನೆಗೆ ಯಾರಲ್ಲೂ ಉತ್ತರ ಇರಲಿಲ್ಲ. ಕಡೆಗೆ ಕೋಟೆ ನೋಡಲು ಬಿಟ್ಟರು. ಹೇಗೆ? ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ಕಾಯಲು ಒಬ್ಬ ಹತ್ಯಾರುಬಂದ್ ಸಿಪಾಯಿಯನ್ನು ಜೊತೆಗೆ ಹಚ್ಚಿ.

ಗೈಡು ಬದಲು ಸಿಪಾಯಿ! ಪ್ರವಾಸ ಸಾಹಿತ್ಯದ ಮೇಲೆ ಪಿಎಚ್‌ಡಿ ಬರೆಯುವವರು ಈ ಪುಟಗಳನ್ನು ಸೇರಿಸಿಕೊಂಡಿದ್ದನ್ನು ನಾನಂತೂ ಕಂಡಿಲ್ಲ.

ಇದನ್ನು ಮುಸಲ್ಮಾನರ ಮೇಲೆ ಗೂಬೆ ಕೂಡಿಸಲು ಯಾರಾದರೂ ಬಳಸಿಕೊಂಡರೆ ಅವರಿಗೆ ಹೇಳುತ್ತೇನೆ: ಆ ಮುದುಕನಿಗೆ ಮೈಲಿಗೆ ಅನ್ನುವ ಪಾಠ ಹೇಳಿಕೊಟ್ಟವರು ಯಾರು ಅಂತ ಮೊದಲು ನಿಮ್ಮ ಮನೆಯ ಪಂಚಾಂಗದಲ್ಲಿ ಹುಡುಕಿ. ನಮ್ಮ ಪ್ರಗತಿಪರ ಗೆಳೆಯರಿಗೂ ಒಂದು ಮಾತಿದೆ. ಇಬ್ರಾಹಿಂ ಆದಿಲ್‌ಶಾಹ ‘ಜಗದ್ಗುರು ಬಾದಶಹ’, ‘ಕಿತಾಬ್-ಎ-ನೌರಸ್’ನಲ್ಲಿ ಸರಸ್ವತಿಯನ್ನು ಹಾಡಿದವನು, ಅರಮನೆಯ ಮಗ್ಗುಲಿಗೇ ನರಸೋಬನ ಗುಡಿ ಇಟ್ಟುಕೊಂಡವನು. ಕೋಮುವಾದಿಗಳ ಬಾಯಿ ಮುಚ್ಚಿಸಲು ಈ ಮಾತು ಬೇಕು, ನಾನೂ ಆಡುತ್ತೇನೆ. ಆದರೆ ಸಾಮರಸ್ಯ ಅಂದರೆ ಮೇಲಿನ ಇಬ್ಬರು ಕೂಡಿ ವೀಣೆ ಬಾರಿಸುವುದಷ್ಟೇ ಆದರೆ ಕೆಳಗಿನವನಿಗೆ ಅದರ ರಾಗ ಕೇಳುವುದಿಲ್ಲ. ಆ ರಾಜನೇ 1599ರಲ್ಲಿ ತೊರವಿಯ ಹತ್ತಿರ ನವರಸಪುರ ಅಂತ ಕನಸಿನ ಪಟ್ಟಣ ಕಟ್ಟಲು ಶುರು ಮಾಡಿದ. 1624ರಲ್ಲಿ ಅದನ್ನು ಹಾಳುಗೆಡವಿದವನು ಮಲಿಕ್ ಅಂಬರ್, ಹುಡುಗನಾಗಿದ್ದಾಗ ಸಂತೆಯಲ್ಲಿ ಮಾರಾಟವಾದ ಹಬಶಿ ಗುಲಾಮ. ಗುಲಾಮನಾಗಿದ್ದವನೂ ದಂಡು ಕಟ್ಟಿದ ಮೇಲೆ ಊರು ಸುಡುತ್ತಾನೆ. ಅದನ್ನೂ ಮುಚ್ಚಿಡಬಾರದು.

ಹೆಂಗಸರ ವಿಷಯಕ್ಕೆ ಬಂದರೆ ಗೈಡಿನ ಕೃತಿ ಪೂರ್ತಿ ಕೊಳೆತಿದೆ. ಗೋಳಗುಮ್ಮಟದೊಳಗೆ ಮಹಮ್ಮದ್ ಆದಿಲ್‌ಶಾಹನ ಗೋರಿಯ ಸಾಲಿನಲ್ಲೇ ರಂಭಾ ಎಂಬ ನಾಚುವವಳ ಗೋರಿ ಇದೆ. ಕಥೆ ಏನಂದರೆ, ನನ್ನ ಮೇಲೆ ಪ್ರೀತಿ ಇದ್ದರೆ ಮೇಲಿನಿಂದ ಹಾರು ಅಂತ ಸುಲ್ತಾನ ಅಂದ, ಅವಳು ಹಾರಿದಳು. ಕಥೆ ಖರೆಯೋ ಸುಳ್ಳೋ ಅದು ಬೇರೆ ಮಾತು. ಗೈಡು ಅದನ್ನು ಅಮರ ಪ್ರೇಮ ಅಂತ ಕಣ್ಣು ಮುಚ್ಚಿ ಹೇಳುತ್ತಾನೆ. ಊರ ಹೊರಗೆ ಸಾಠ್ ಕಬರ್‌ನಲ್ಲಿ ಅರವತ್ತಕ್ಕೂ ಹೆಚ್ಚು ಗೋರಿ, ಒಂದೇ ಅಚ್ಚಿನವು, ಸಾಲು ಸಾಲು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುಂಚೆ ಅಫಜಲಖಾನ ತನ್ನ ಹೆಂಡಂದಿರನ್ನು ಬಾವಿಗೆ ತಳ್ಳಿ ಕೊಂದ ಅನ್ನುವುದು ಅಲ್ಲಿಯ ಕಥೆ. ಅಲ್ಲಿ ಗೈಡು ಎಣಿಸಿ ತೋರಿಸಿದ. ಸತ್ತ ಹೆಂಗಸರಿಗಾದರೂ ಲೆಕ್ಕ ಸಿಕ್ಕಿತಲ್ಲ ಅಂದುಕೊಂಡೆ, ಆದರೆ ಆ ಲೆಕ್ಕವೂ ಖಾನನ ಶೌರ್ಯದ ಲೆಕ್ಕವಾಗಿಯೇ ಅವನ ಬಾಯಿಂದ ಬಂತು. ನಮ್ಮ ತಂಡದಲ್ಲಿ ಒಬ್ಬಳ ಅಜ್ಜಿ ಮುತ್ತು ಕಟ್ಟಿಸಿಕೊಂಡವಳು. ದೇವದಾಸಿ ಪದ್ಧತಿ ನಿಷೇಧಿಸುವ ಕಾಯದೆ ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಆ ಅಜ್ಜಿಯ ಪಾಲಿಗೆ ಅದು ತಡವಾಗಿತ್ತು. ಆ ಹುಡುಗಿ ರಂಭಾಳ ಗೋರಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ನಾನು ಮಾತಾಡಿಸಲಿಲ್ಲ.

ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಮಕ್ಕಳದ್ದೇ ರಾಜ್ಯ. ಒಬ್ಬ ಸಿನೆಮಾ ನಟನ ಹೆಸರು ಕೂಗಿದ, ಒಬ್ಬ ಜೈ ಭೀಮ್ ಅಂದ, ಒಬ್ಬಳು ಸುಮ್ಮನೆ “ಯವ್ವಾ” ಅಂದಳು. 44 ಮೀಟರ್ ಅಗಲದ ಗುಮ್ಮಟ ಎಲ್ಲವನ್ನೂ ತಿರುಗಿ ತಿರುಗಿ ಹೇಳಿತು. ಕಾವಲುಗಾರ ಬಂದು ಗದರಿಸಿದ.

ತಿರುಗಿ ಬರುವಾಗ ದಾರಿಯಲ್ಲಿ ಒಂದು ಗುಡಿ, ಹೆಸರು ಬೇಕಿಲ್ಲ. ಅಲ್ಲಿ ಬಸ್ಸು ನಿಂತಿತು. ಯಾರೂ ಯಾರನ್ನೂ ತಡೆಯಲಿಲ್ಲ, ಜಾತಿ ಕೇಳಲಿಲ್ಲ. ಮಕ್ಕಳೆಲ್ಲ ದಬದಬ ಒಳಗೆ ಓಡಿದರು. ಐದಾರು ಮಂದಿ ಮಾತ್ರ ಹೊಸ್ತಿಲ ಹೊರಗೆ, ಚಪ್ಪಲಿಯ ಹತ್ತಿರ ನಿಂತುಬಿಟ್ಟರು. “ಯಾಕವಾ, ಒಳಗ ಹೋಗಬಾರದ?” ಅಂದೆ. “ಇರಲಿ ಬಿಡ್ರಿ ಸರ, ಇಲ್ಲಿಂದನ ಕಾಣತೈತಿ” ಅಂದಳು ದ್ರಾಕ್ಷಿ ಶೆಡ್ಡು ತೋರಿಸಿದ ಹುಡುಗಿ. ದೌಲತಾಬಾದಿನಲ್ಲಿ ಸಿಪಾಯಿ ಬಂದೂಕು ಹಿಡಿದು ಪಕ್ಕದಲ್ಲಿ ನಡೆದಿದ್ದ. ಇಲ್ಲಿ ಸಿಪಾಯಿ ಕಾಣಲಿಲ್ಲ, ಅವನು ಆ ಮಕ್ಕಳ ಕಾಲಿನೊಳಗೇ ಹೊಕ್ಕಿದ್ದ. ಮುಂಜಾನೆಯಿಂದ ಅವರು ಸುಲ್ತಾನರ ಮಹಲು, ಗೋರಿ, ಮಸೀದಿಗಳಲ್ಲಿ ಎಲ್ಲೂ ಹೀಗೆ ನಿಂತಿರಲಿಲ್ಲ. ಅಲ್ಲಿ ಏನು ಮಾಡಬೇಕೆಂದು ನನಗೆ ಹೊಳೆಯಲಿಲ್ಲ. ಒಳಗೆ ಕರೆದೊಯ್ಯಲೋ, ಗುಡಿಯೇ ಬೇಡ ಅನ್ನಲೋ? ನಾನೂ ಅವರ ಜೊತೆ ಹೊರಗೇ ನಿಂತೆ.

ಮರುದಿನ ಸಾಲಿಯಲ್ಲಿ ‘ನಾನು ಕೈಗೊಂಡ ಪ್ರವಾಸ’ ಪ್ರಬಂಧ ಬರೆಸಿದೆ. ಇದು ಇನ್ನೊಂದು ಕೆಟ್ಟ ಸಾಹಿತ್ಯ ಪ್ರಕಾರ, ನಾವು ಮಾಸ್ತರರೇ ಕೆಡಿಸಿದ್ದು. ಎಲ್ಲರೂ ಬೆಳಗ್ಗೆ ಬೇಗನೆ ಎದ್ದು ಸ್ನಾನ ಮಾಡಿ ಉತ್ಸಾಹದಿಂದ ಹೊರಟಿದ್ದರು, ಎಲ್ಲರೂ ಭವ್ಯ ಪರಂಪರೆ ಕಂಡು ಪುಳಕಿತರಾಗಿದ್ದರು. ಗೈಡಿನ ಆನೆ ಎತ್ತುಗಳು ಹಾಗ್ಹಾಗೇ ಇಳಿದಿದ್ದವು. ತಾಜ್ ಬಾವಡಿಯಲ್ಲಿ ಪ್ರಶ್ನೆ ಕೇಳಿದ ಹುಡುಗನೂ ‘ಎಲ್ಲರೂ ನೀರು ಕುಡಿಯುತ್ತಿದ್ದರು’ ಅಂತಲೇ ಬರೆದಿದ್ದ, ಮಾರ್ಕು ಹೋದಾವು ಅಂತ. ದ್ರಾಕ್ಷಿ ಶೆಡ್ಡಿನ ಹುಡುಗಿಯ ಹಾಳೆಯಲ್ಲಿ ಅರ್ಧ ಪುಟವಷ್ಟೇ ಇತ್ತು. ತೋಪು ಎಳೆದ ಮಂದಿಗೆ ದಾರಿಯಲ್ಲಿ ಅಡಿಗೆ ಮಾಡಿದವರು ಯಾರು, ಅವರು ನೀರು ಎಲ್ಲಿಂದ ತಂದರು, ಗೈಡು ಹೇಳಲಿಲ್ಲ ಅಂತ ಬರೆದು, ಕೆಳಗೆ, ಸರ ನಿಮಗೂ ಗೊತ್ತಿಲ್ಲೇನ್ರಿ ಅಂತ ಕೇಳಿದ್ದಳು.