ಸತ್ತವರು ಸತ್ತೇ ಇರಲಿ

ಸೂಪರ್‌ಹೀರೋ ಸಿನಿಮಾ ಬೋರ್ ಹೊಡೀತಿದೆ ಅಂತ ಈಗ ಎಲ್ಲರೂ ಹೇಳ್ತಾರೆ. ಯಾಕೆ ಅಂತ ಕೇಳಿದರೆ ಮೂರು ಉತ್ತರ ರೆಡಿ: ಜಾಸ್ತಿ ಆಯ್ತು, ಗ್ರಾಫಿಕ್ಸ್ ಕಳಪೆ ಆಯ್ತು, ಹಳೇ ಹೀರೋಗಳು ಹೋದರು. ಮೂರರಲ್ಲೂ ಅಷ್ಟಿಷ್ಟು ಸತ್ಯ ಇದೆ. ಆದರೆ 2008ರ ‘ಐರನ್ ಮ್ಯಾನ್’ನಿಂದ ಹಿಡಿದು ಮಾರ್ವೆಲ್ ಸ್ಟುಡಿಯೋಸ್‌ನ ಸಿನಿಮಾಗಳನ್ನೆಲ್ಲ ನೋಡಿಕೊಂಡು ಬಂದ ನನ್ನ ತಕರಾರು ಬೇರೆ. ಅಲ್ಲಿ ಈಗ ಯಾರೂ ನಿಜವಾಗಿ ಸಾಯುವುದಿಲ್ಲ.

2019ರ ‘ಅವೆಂಜರ್ಸ್: ಎಂಡ್‌ಗೇಮ್’ ನೆನಪಿಸಿಕೊಳ್ಳಿ. ಹನ್ನೊಂದು ವರ್ಷ, 22ನೇ ಸಿನಿಮಾ. ಮೊದಲ ಚಿತ್ರದ ಕೊನೆಯಲ್ಲಿ ‘ನಾನೇ ಐರನ್ ಮ್ಯಾನ್’ ಅಂತ ಪತ್ರಕರ್ತರ ಮುಂದೆ ಜಂಭ ಕೊಚ್ಚಿಕೊಂಡಿದ್ದ ಟೋನಿ ಸ್ಟಾರ್ಕ್, ಇಲ್ಲಿ ಅದೇ ಮಾತು ಹೇಳಿ ಚಿಟಿಕೆ ಹೊಡೆದು ಸಾಯ್ತಾನೆ. ಅದೇ ಮಾತು, ಆದರೆ ಈ ಸಲ ಅದಕ್ಕೆ ಬೆಲೆ ಕಟ್ಟಿದ್ದಾನೆ. ಸುಮಾರು 280 ಕೋಟಿ ಡಾಲರ್ ಗಳಿಸಿದ ಆ ಸಿನಿಮಾದಲ್ಲಿ ನನಗೆ ಈಗಲೂ ನೆನಪಿರುವುದು ಯುದ್ಧ ಅಲ್ಲ, ಆಮೇಲಿನ ಮೌನ. ಒಂದು ಕತೆ ಮುಗೀತು ಅಂತ ಅನ್ನಿಸಿದ ಮೌನ.

ಮುಗಿದಿದ್ದರೆ ಚೆನ್ನಾಗಿತ್ತು. 2021 ಮತ್ತು 2022, ಈ ಎರಡೇ ವರ್ಷದಲ್ಲಿ ಏಳು ಸಿನಿಮಾ, ಎಂಟು ಸರಣಿ ಬಂದವು. ಡಿಸ್ನಿ ಪ್ಲಸ್‌ಗೆ ಸರಕು ಬೇಕಿತ್ತು. 2023ರ ‘ದಿ ಮಾರ್ವೆಲ್ಸ್’ ಪೂರ್ತಿ ಅರ್ಥ ಆಗಬೇಕಾದರೆ ಒಂದು ಹಳೇ ಸಿನಿಮಾ, ಎರಡು ಸರಣಿ ಮೊದಲೇ ನೋಡಿರಬೇಕು. ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಶನಿವಾರ ಸಂಜೆಗೂ ಹೋಮ್‌ವರ್ಕ್ ಅಂದ್ರೆ ಯಾರಿಗೆ ಬೇಕು ಸ್ವಾಮಿ? ಅದು ಗಳಿಸಿದ್ದು ಸುಮಾರು 20 ಕೋಟಿ ಡಾಲರ್. ಈ ಸರಪಳಿಯಲ್ಲೇ ಅತಿ ಕಡಿಮೆ. ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರೇ, ಸಂಖ್ಯೆ ಹೆಚ್ಚಿಸಲು ಹೋಗಿ ಗಮನ ಹಂಚಿಹೋಯಿತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಅದೇ ವರ್ಷ ಮಾರ್ವೆಲ್‌ನ ವಿಎಫ್‌ಎಕ್ಸ್ ಕೆಲಸಗಾರರು ಯೂನಿಯನ್ ಬೇಕೆಂದು ಒಮ್ಮತದಿಂದ ಮತ ಹಾಕಿದರು. ಡೆಡ್‌ಲೈನ್ ಅಂದರೇನು ಅಂತ ಗೊತ್ತಿರುವವರಿಗೆ ಆ ಮತ ಬಿಡಿಸಿ ಹೇಳಬೇಕಿಲ್ಲ.

ಆದರೆ ಸಂಖ್ಯೆ ಕಡಿಮೆ ಮಾಡಿದರೆ ರೋಗ ವಾಸಿಯಾಗುತ್ತದೆ ಅಂತ ನನಗನ್ನಿಸುವುದಿಲ್ಲ. ಒಂದೇ ಕತೆ ಮತ್ತೆ ಮತ್ತೆ ನೋಡುವುದಕ್ಕೆ ನಮಗೇನೂ ಬೇಸರವಿಲ್ಲ. ಯಕ್ಷಗಾನದಲ್ಲಿ ‘ಕರ್ಣಾರ್ಜುನ ಕಾಳಗ’ವನ್ನು ಎಷ್ಟು ಸಲ ಆಡಿಲ್ಲ? ಕರ್ಣ ಸಾಯ್ತಾನೆ ಅಂತ ಗೊತ್ತಿದ್ದೇ ಜನ ಬಂದು ಕೂರ್ತಾರೆ. ಪ್ರತಿ ಸಲ ಅವನು ಸತ್ತೇ ಸಾಯ್ತಾನೆ. ‘ಇವನು ಆ ಕರ್ಣ ಅಲ್ಲ, ಪಕ್ಕದ ಲೋಕದ ಕರ್ಣ’ ಅಂತ ಮಾರನೇ ದಿನ ಯಾವ ಭಾಗವತರೂ ಹಾಡುವುದಿಲ್ಲ.

ಮಾರ್ವೆಲ್ ಮಾಡಿದ್ದು ಅದನ್ನೇ. ಅದಕ್ಕೆ ಮಲ್ಟಿವರ್ಸ್ ಅಂತ ಹೆಸರು. ಸತ್ತ ಲೋಕಿ ಇನ್ನೊಂದು ಕಾಲಧಾರೆಯಿಂದ ಬಂದ. ಇನ್ನು 2024ರ ‘ಡೆಡ್‌ಪೂಲ್ ಅಂಡ್ ವೋಲ್ವರಿನ್’ ಶುರುವಾಗುವುದೇ ಒಂದು ಗೋರಿ ಅಗೆಯುವುದರಿಂದ. 2017ರಲ್ಲಿ, ಆಗಿನ್ನೂ ಬೇರೆ ಸ್ಟುಡಿಯೋ ಕೈಯಲ್ಲಿದ್ದಾಗ, ‘ಲೋಗನ್’ ಚಿತ್ರದಲ್ಲಿ ನಿರ್ದೇಶಕ ಜೇಮ್ಸ್ ಮ್ಯಾಂಗೋಲ್ಡ್ ವೋಲ್ವರಿನ್‌ಗೆ ಘನವಾದ ಸಾವು ಕೊಟ್ಟಿದ್ದರು. ಡೆಡ್‌ಪೂಲ್ ಆ ಗೋರಿ ಅಗೆದು, ಅದೇ ಎಲುಬು ಹಿಡಿದು ಶತ್ರುಗಳನ್ನು ಬಡಿಯುತ್ತಾನೆ, ಹಾಡಿಗೆ ಕುಣಿಯುತ್ತಾನೆ. ನಾನೂ ನಕ್ಕೆ, ಸುಳ್ಳು ಹೇಳಲ್ಲ. ಆದರೆ ಆ ನಗುವಿನ ಖರ್ಚು ಯಾರ ಲೆಕ್ಕಕ್ಕೆ ಬಿತ್ತು ನೋಡಿ: ‘ಲೋಗನ್’ ನೋಡಿ ಅತ್ತವರ ಲೆಕ್ಕಕ್ಕೆ.

‘ಆ ಸಿನಿಮಾ 130 ಕೋಟಿ ಡಾಲರಿಗೂ ಹೆಚ್ಚು ಮಾಡ್ತಲ್ಲ ಗುರು, ಎಲ್ಲಿದೆ ನಿನ್ನ ಆಯಾಸ?’ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಅದು ಹೊಸ ಸಂಪಾದನೆ ಅಲ್ಲ, ಎಫ್‌ಡಿ ಮುರಿಸಿ ಮಾಡಿದ ಪಾರ್ಟಿ. ಹಿಂದಿನವರು ವರ್ಷಗಟ್ಟಲೆ ಕೂಡಿಟ್ಟ ಪ್ರೀತಿಯನ್ನು ಒಂದೇ ಸಂಜೆಗೆ ಖರ್ಚು ಮಾಡಿದರು. ಪಾರ್ಟಿ ಚೆನ್ನಾಗೇ ಇತ್ತು. ಮುಂದಿನ ಪಾರ್ಟಿಗೆ ಯಾವ ಎಫ್‌ಡಿ?

ಮಲ್ಟಿವರ್ಸ್ ಅನ್ನುವ ಐಡಿಯಾನೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2021ರ ‘ಸ್ಪೈಡರ್-ಮ್ಯಾನ್: ನೋ ವೇ ಹೋಮ್’ನಲ್ಲಿ ಹಳೆಯ ಇಬ್ಬರು ಸ್ಪೈಡರ್-ಮ್ಯಾನ್‌ಗಳು ಮರಳಿ ಬರುತ್ತಾರೆ. ಎಂಜೆ ಮೇಲಿಂದ ಬೀಳುವಾಗ ಆಂಡ್ರೂ ಗಾರ್ಫೀಲ್ಡ್‌ನ ಸ್ಪೈಡರ್-ಮ್ಯಾನ್ ಹಾರಿ ಹಿಡಿಯುತ್ತಾನೆ. ಹಿಡಿದ ಮೇಲೆ ಅವನ ಕಣ್ಣು ತುಂಬುತ್ತದೆ. ಯಾಕೆಂದರೆ 2014ರ ಸಿನಿಮಾದಲ್ಲಿ ಹೀಗೇ ಬಿದ್ದ ತನ್ನ ಗ್ವೆನ್‌ಳನ್ನು ಅವನಿಗೆ ಉಳಿಸಿಕೊಳ್ಳಲು ಆಗಿರಲಿಲ್ಲ. ಗ್ವೆನ್ ವಾಪಸ್ ಬರಲಿಲ್ಲ. ಬಂದಿದ್ದರೆ ಆ ದೃಶ್ಯಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ಜೇಮ್ಸ್ ಗನ್ ನಿರ್ದೇಶಿಸಿದ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ ಮೂರನೇ ಭಾಗವೂ ಹಾಗೇ. ಸತ್ತ ಗಮೋರಾಳ ಹಳೆಯ ರೂಪ ಕಣ್ಣೆದುರೇ ಇದೆ. ಅದೇ ಮುಖ, ಅದೇ ದನಿ. ಆದರೆ ಕ್ವಿಲ್ ಜೊತೆ ಕಳೆದ ಒಂದು ದಿನವೂ ಅವಳಿಗೆ ನೆನಪಿಲ್ಲ, ಅವಳ ಬದುಕಿನಲ್ಲಿ ಅದು ನಡೆದೇ ಇಲ್ಲ. ಅವಳು ಅವನನ್ನು ಪ್ರೀತಿಸುವುದೂ ಇಲ್ಲ. ಸಿನಿಮಾ ಅದನ್ನು ಸರಿಮಾಡಲು ಹೋಗುವುದಿಲ್ಲ. ಕ್ವಿಲ್ ಅದನ್ನು ನುಂಗಿಕೊಂಡು ಮನೆಗೆ ಹೋಗುತ್ತಾನೆ. ‘ದಿ ಮಾರ್ವೆಲ್ಸ್’ ಬಂದ ವರ್ಷವೇ ಇದೂ ಬಂತು. ಜನ ಬಂದರು, ನೋಡಿದರು, ಅತ್ತರು. ಹಾಗಾದರೆ ಸುಸ್ತಾಗಿರುವುದು ಸೂಪರ್‌ಹೀರೋಗಳಿಂದ ಅಲ್ಲ ಅಂತಾಯ್ತಲ್ಲ?

ನಮ್ಮಲ್ಲಿ ಹಲವರು ಕಾಲೇಜಿನಲ್ಲಿದ್ದಾಗ ಈ ಸಿನಿಮಾ ನೋಡಲು ಶುರುಮಾಡಿದೆವು. ಈಗ ಇಎಂಐ ಕಟ್ಟುತ್ತಿದ್ದೇವೆ. ಈ ನಡುವೆ ಮನೆಯಲ್ಲಿ, ಗೆಳೆಯರಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದೇವೆ. ಹೋದವರು ಬರುವುದಿಲ್ಲ ಅನ್ನುವುದು ಈ ವಯಸ್ಸಿಗೆ ಗೊತ್ತಾಗಿರುತ್ತದೆ. ಹದಿನೆಂಟರಲ್ಲಿ ನಾವು ನಂಬಿದ ಕತೆ ನಮ್ಮ ಜೊತೆ ಬೆಳೆಯಲಿ ಅಂತ ಆಸೆಪಡುವುದು ದುರಾಸೆ ಏನಲ್ಲ. ‘ಎಂಡ್‌ಗೇಮ್’ ಬೆಳೆದಿತ್ತು. ಆಮೇಲೆ ಅದನ್ನು ವಾಪಸ್ ಒಂದನೇ ಕ್ಲಾಸಿಗೆ ಸೇರಿಸಿದರು.

2024ರ ಜುಲೈನಲ್ಲಿ ಸ್ಯಾನ್ ಡಿಯಾಗೋ ಕಾಮಿಕ್-ಕಾನ್ ವೇದಿಕೆ ಮೇಲೆ ಹಸಿರು ನಿಲುವಂಗಿ ತೊಟ್ಟವನೊಬ್ಬ ಮುಖವಾಡ ತೆಗೆದ. ಒಳಗಿದ್ದದ್ದು ರಾಬರ್ಟ್ ಡೌನಿ ಜೂನಿಯರ್. ಟೋನಿಯಾಗಿ ಅಲ್ಲ, ಖಳನಾಯಕ ಡಾಕ್ಟರ್ ಡೂಮ್ ಆಗಿ. ಸಭೆಯಲ್ಲಿದ್ದವರು ಕಿರುಚಾಡಿದರು. ಡಿಸೆಂಬರ್ 2026ಕ್ಕೆ ನಿಗದಿಯಾಗಿರುವ ‘ಅವೆಂಜರ್ಸ್: ಡೂಮ್ಸ್‌ಡೇ’ಗೆ ನಾನೂ ಟಿಕೆಟ್ ತಗೊಳ್ತೀನಿ, ಬಿಡಿ. ಡೌನಿ ದೊಡ್ಡ ನಟ, ಬೇರೆ ಪಾತ್ರ ಮಾಡಲಿ, ನನ್ನದೇನೂ ಅಡ್ಡಿಯಿಲ್ಲ. ಆ ಮುಖವಾಡದ ಹಿಂದಿನಿಂದ ಟೋನಿಯನ್ನು ಮಾತ್ರ ಎಬ್ಬಿಸಿ ತರಬೇಡಿ. ಅವನಿಗಾಗಿ ನಾವು ಒಮ್ಮೆ ಅತ್ತಾಗಿದೆ.