ಬ್ಯಾಟರಿ ಬದಲಿಸುವ ಮೊದಲು

ಗೋವೆಯ ಸಾವರ್ಡೆಯಲ್ಲಿ ಮಳೆ ಹಿಡಿಯಿತೆಂದರೆ ಎಷ್ಟೋ ಹಳೆಯ ಕಾರುಗಳು ಅಂಗಳ ಬಿಟ್ಟು ಕದಲುವುದಿಲ್ಲ. ಮಡಗಾಂವ್, ವಾಸ್ಕೊ ಕಡೆಗೆ ಹೋಗಲು ರೈಲಿದೆಯಲ್ಲ. ಹೊಳವಾದ ದಿನ ಕೀಲಿ ತಿರುಗಿಸಿದರೆ ಸೆಲ್ಫ್ ‘ಟಕ್’ ಎಂದು ಸುಮ್ಮನಾಗುತ್ತದೆ. ಕೂಡಲೇ ಹೊಸ ಬ್ಯಾಟರಿ ಬರುತ್ತದೆ. ನಾಲ್ಕು ದಿನ ನಿಂತರೆ ಅದೂ ಡೌನ್, ಕರೆಂಟ್ ಬೇರೆಲ್ಲೋ ಸೋರುತ್ತಿರುತ್ತದೆ.

ಕಾರು ನಿಂತಾಗ 50 ಮಿಲಿಆಂಪ್‌ವರೆಗೆ ಕರೆಂಟ್ ಹೋದರೆ ತಪ್ಪಲ್ಲ, ದಿನಕ್ಕೆ 1.2 ಆಂಪ್-ಅವರ್ ಅಷ್ಟೆ. ಅದೇ ಅರ್ಧ ಆಂಪ್ ಸೋರಿದರೆ ದಿನಕ್ಕೆ 12 ಆಂಪ್-ಅವರ್ ಹೋಗುತ್ತದೆ. 35 ಆಂಪ್-ಅವರ್ ಬ್ಯಾಟರಿ ಮೂರು ದಿನಕ್ಕೆ ಖಾಲಿ. 1983ರಲ್ಲಿ ರಸ್ತೆಗಿಳಿದ ಮಾರುತಿ 800ರ ಕಾರ್ಬುರೇಟರ್ ಮಾದರಿಯಲ್ಲಂತೂ ಎಚ್ಚರವಾಗಿರುವ ಕಂಪ್ಯೂಟರೇ ಇಲ್ಲ. ಅದರಲ್ಲಿ 20 ಮಿಲಿಆಂಪ್ ದಾಟಿದರೂ ನಾನು ಅನುಮಾನಿಸುತ್ತೇನೆ.

ನೆರೆಮನೆಯ 800ರಲ್ಲಿ ಸೋರಿಕೆಯನ್ನು ಹೀಗೆ ಹುಡುಕಿದೆವು. ಮೊದಲು ಬ್ಯಾಟರಿ ತುಂಬ ಚಾರ್ಜ್, 12.6 ವೋಲ್ಟ್ ಬರುವ ತನಕ. ಕೀಲಿ ತೆಗೆದು, ಬಾಗಿಲು, ಡಿಕ್ಕಿ ಮುಚ್ಚಿ, ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪ್ ತೂತಿನಲ್ಲಿ ಜೋಡಿಸಬೇಕು. ಆಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹಾರುತ್ತದೆ. ಇಂಜೆಕ್ಷನ್ ಕಾರಾದರೆ ಅರ್ಧ ಗಂಟೆ ಕಾಯಬೇಕು, ಕಂಪ್ಯೂಟರ್ ಮಲಗಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದೊಂದೇ ಫ್ಯೂಸ್ ಕಿತ್ತು ನೋಡುವುದು. ಯಾವುದು ಕಿತ್ತಾಗ ಅಂಕಿ ಇಳಿಯಿತೋ ಕಳ್ಳ ಆ ಸಾಲಿನಲ್ಲಿ: ಡಿಕ್ಕಿಯ ದೀಪ, ಸ್ಟೀರಿಯೊ, ಸೆಂಟ್ರಲ್ ಲಾಕಿನ ರಿಲೇ.

ಈ ಕಾರಿನಲ್ಲಿ ಅಷ್ಟೂ ಫ್ಯೂಸ್ ಕಿತ್ತರೂ ಅಂಕಿ ಅಲುಗಲಿಲ್ಲ. ಬಹಳ ಜನ ಕೈಚೆಲ್ಲುವುದು ಇಲ್ಲಿಯೇ. ಆದರೆ ಇದು ಒಳ್ಳೆಯ ಸುಳಿವು: ಸೋರಿಕೆ ಫ್ಯೂಸ್ ಬಾಕ್ಸಿಗಿಂತ ಮೊದಲೇ ಇದೆ. ಕೇಬಲ್ ಪೂರ್ತಿ ಕಳಚಿ, ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ ಮತ್ತೆ ಮೀಟರ್ ಹಿಡಿದಾಗ ಅಂಕಿ ಸೊನ್ನೆಯ ಹತ್ತಿರ ಬಂತು. ಒಳಗಿನ ಡಯೋಡ್ ಕೆಟ್ಟಿತ್ತು. ಎಂಜಿನ್ ಓಡುವಾಗ ಚಾರ್ಜ್ ಸರಿಯಾಗೇ ತೋರಿಸುತ್ತಿದ್ದುದರಿಂದ ಯಾರಿಗೂ ಅದರ ಮೇಲೆ ಸಂಶಯ ಬಂದಿರಲಿಲ್ಲ.

ಗೋವೆಯ ತೇವದಲ್ಲಿ ಇನ್ನೊಂದನ್ನೂ ನೋಡಬೇಕು. ಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಬ್ಯಾಟರಿಯ ಒದ್ದೆ ಮೈಗೂ ತಾಗಿಸಿ. ವೋಲ್ಟ್ ತೋರಿಸಿದರೆ ಕೊಳೆಯ ಮೂಲಕವೇ ಕರೆಂಟ್ ಹರಿಯುತ್ತಿದೆ. ಅಡುಗೆ ಸೋಡಾ ನೀರಿನಲ್ಲಿ ಒರೆಸಿ ಒಣಗಿಸಿ.

ರಾತ್ರಿ ರಾತ್ರಿ ಟರ್ಮಿನಲ್ ಕಳಚಿಡುವುದು ಪರಿಹಾರವಲ್ಲ. ಬ್ಯಾಟರಿ ಹೋಗಿದೆ ಎಂದು ಯಾರಾದರೂ ಹೇಳಿದರೆ, ಕಾರು ನಿಂತಾಗ ಎಷ್ಟು ಮಿಲಿಆಂಪ್ ಹೋಗುತ್ತಿದೆ ಎಂದು ಮೊದಲು ಅಳೆದು ತೋರಿಸಲು ಹೇಳಿ.